ಮಂದಾರವನ್ನು ಬನ್ನಿ ಮಾಡಿದ ವರ್ಷ

ಊರು ಸ್ವಚ್ಛವಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಲಸಾದ ದಿನ ಮಾತ್ರ ಎಲ್ಲರಿಗೂ ಕಣ್ಣು ಬರುತ್ತವೆ. ಗೋಕಾಕದಲ್ಲಿ ಪಾರ್ಕು, ರಸ್ತೆ ಬದಿಯ ಗಿಡ, ಹೊಳೆಯ ದಂಡೆ ಇವನ್ನೆಲ್ಲ ನೋಡಿಕೊಳ್ಳುವ ನಗರಸಭೆಯ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಈ ಮಾತು ನನಗೆ ತಿಳಿದುಹೋಗಿತ್ತು. ಪಾರ್ಕಿನಲ್ಲಿ ಬೆಳಿಗ್ಗೆ ಕಸ ಹೊಡೆದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ವಾಕಿಂಗ್ ಬಂದವರೊಬ್ಬರು ಶೇಂಗಾ ಸಿಪ್ಪೆ ಉದುರಿಸಿ, "ಇಲ್ಲಿ ಕಸಾ ಹೊಡಿಯೂದ ಇಲ್ಲೇನ್ರಿ?" ಅಂತ ನನ್ನನ್ನೇ ಕೇಳುತ್ತಾರೆ. ಹೊಳೆಯ ದಂಡೆಗೆ ಹೋದರೆ ಒಡೆದ ದೇವರ ಫೋಟೊಗಳು, ಬಾಡಿದ ಮಾಲೆಗಳು, ಹಳೆ ದಿಂಬು. ಮನೆಯಲ್ಲಿ ಬೇಡವಾದದ್ದೆಲ್ಲ ಹೊಳೆಗೆ ಬೇಕು ಅಂತ ನಮ್ಮ ಜನ ಗಟ್ಟಿಯಾಗಿ ನಂಬಿದ್ದಾರೆ. ನನ್ನ ಬಾಯಿ ಸ್ವಲ್ಪ ದೊಡ್ಡದು. ಬೈಯುತ್ತಲೇ ಎತ್ತುತ್ತೇನೆ, ಎತ್ತುತ್ತಲೇ ಬೈಯುತ್ತೇನೆ.

ಆದರೆ ಇಲ್ಲಿ ಹೇಳಬೇಕಾದದ್ದು ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ರಸ್ತೆಯ ಮಂದಾರದ ಸಾಲಿನ ಸಂಗತಿ. ಇವತ್ತು ಅದರ ಕೆಳಗೆ ಪೈಪು ಹಿಡಿದು ನಿಂತಾಗ ಒಳಗೊಳಗೇ ನಗು ಬರುತ್ತದೆ. ಅವತ್ತು ನಗುವ ಸ್ಥಿತಿ ಇರಲಿಲ್ಲ.

ಆ ರಸ್ತೆ ಅಗಲ ಮಾಡಿದಾಗ ಹಳೆಯ ಬೇವಿನ ಗಿಡಗಳೆಲ್ಲ ಹೋದವು. ನಮ್ಮ ಕಡೆ ಮರಕ್ಕೂ ಗಿಡ ಅನ್ನುವುದೇ ರೂಢಿ. ಬೇಸಿಗೆಯಲ್ಲಿ ಆ ದಾರಿಯಲ್ಲಿ ನಡೆಯುವುದೆಂದರೆ ಕಾದ ಹಂಚಿನ ಮೇಲೆ ಕಾಲಿಟ್ಟ ಹಾಗಾಯಿತು. ಒಂದು ಬದಿಗಾದರೂ ಗಿಡ ಹಚ್ಚೋಣ ಅಂತ ಕಚೇರಿಯಲ್ಲಿ ಹಟ ಹಿಡಿದವಳು ನಾನು. ಹುಕ್ಕೇರಿ ಕಡೆಯ ನರ್ಸರಿಯಿಂದ ಮಂದಾರದ ಸಸಿ ತರಿಸಿದೆ. ಬೇಗ ಬೆಳೆಯುತ್ತವೆ, ಬಹಳ ದೊಡ್ಡವಾಗುವುದಿಲ್ಲ, ಮೇಲಿನ ವಾಯರಿಗೆ ತಾಗುವುದಿಲ್ಲ, ಹೂ ಬಿಟ್ಟರೆ ಊರಿಗೆ ಒಂದು ಕಳೆ ಬರುತ್ತದೆ ಅಂತ ನನ್ನ ಲೆಕ್ಕಾಚಾರ. ಸಸಿ ಬಂದವು. ಅವುಗಳ ಹಿಂದೆಯೇ ಆಡು, ಎಮ್ಮೆ, ಮೊಳೆ ಹೊಡೆದು ಬೋರ್ಡು ತೂಗುಹಾಕುವವರು, ಬುಡಕ್ಕೆ ಬಿಸಿ ಚಹಾ ಚೆಲ್ಲುವವರು ಎಲ್ಲರೂ ಬಂದರು. ಎಲ್ಲರ ಜೊತೆಗೂ ಜಗಳವಾಡಿ ಎರಡು ಬೇಸಿಗೆ ದಾಟಿಸಿದೆ. ಗಿಡ ಆಳೆತ್ತರ ದಾಟಿದವು, ಎಲೆ ತುಂಬಿಕೊಂಡು ನಿಂತವು. ಹಣ್ಣಿನ ಗಾಡಿಯ ಕಾಕಾ ತನ್ನ ಪೇರಲ ಹಣ್ಣಿನ ಗಾಡಿಯನ್ನು ಅಲ್ಲೇ ನೆರಳಿಗೆ ತಂದು ನಿಲ್ಲಿಸಿಕೊಂಡ. ವಯಸ್ಸಾದ ಮನುಷ್ಯ, ಮೊದಲು ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡು ವ್ಯಾಪಾರ ಮಾಡುತ್ತಿದ್ದವನು.

ಈ ಸಾಲು ಕಂಡರೆ ಆಗದವರು ಒಬ್ಬರಿದ್ದರು, ಎದುರಿನ ಕರದಂಟಿನ ಅಂಗಡಿಯ ಸಾವಕಾರರು. ಹಣೆ ತುಂಬ ವಿಭೂತಿ, ಮಾತು ಕಡಿಮೆ, ಮಾತಾಡಿದರೆ ತೂಕದ ಮಾತು. ಗಿರಾಕಿಗಳ ಗಾಡಿ ನಿಲ್ಲಿಸಲು ಜಾಗ ಇಲ್ಲ, ಆ ಗಿಡ ತೆಗೆದರೆ ಪಾರ್ಕಿಂಗ್ ಆಗುತ್ತದೆ ಅಂತ ಅವರು ಕಚೇರಿಗೆ ಹೋಗಿ ಹೇಳಿದರು. ಅವರ ಮಾತಿಗೆ ಪೇಟೆಯಲ್ಲಿ ಬೆಲೆ ಇತ್ತು. ಆಗ ತಾನೇ ಬೇರೆ ಕಡೆಯಿಂದ ವರ್ಗವಾಗಿ ಬಂದಿದ್ದ ಸಾಹೇಬರು ಇಬ್ಬರಿಗೂ ನೋವಾಗದ ಹಾಗೆ ತೀರ್ಮಾನ ಕೊಟ್ಟರು. ದಸರಾ ಮುಗಿದ ಮೇಲೆ ನಾನೇ ಬಂದು ನೋಡುತ್ತೇನೆ, ಗಿಡ ಚೆನ್ನಾಗಿ ಹಿಡಿದಿದ್ದರೆ ಇರಲಿ, ಇಲ್ಲದಿದ್ದರೆ ಕಿತ್ತು ತಗ್ಗು ಮುಚ್ಚಿಸಿ ಪಾರ್ಕಿಂಗ್ ಮಾಡೋಣ ಅಂದರು. ನನಗೆ ಖುಷಿಯೇ ಆಯಿತು. ಅಷ್ಟು ಸೊಂಪಾಗಿ ನಿಂತ ಗಿಡವನ್ನು ಯಾರು ತಾನೇ ಹಿಡಿದಿಲ್ಲ ಅನ್ನುತ್ತಾರೆ? ದಸರಾ ಬರುವುದನ್ನೇ ಕಾಯುತ್ತ ಕುಳಿತೆ.

ದಸರಾದ ದಿನ ನಮ್ಮ ಕಡೆ ಬನ್ನಿ ಮುಡಿಯುತ್ತಾರೆ. ಊರ ಹೊರಗಿನ ಬನ್ನಿ ಗಿಡಕ್ಕೆ ಪೂಜೆ ಮಾಡಿ, ಎಲೆ ಹರಿದು ತಂದು, ಸಂಜೆ ಒಬ್ಬರಿಗೊಬ್ಬರು ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಕೈ ಮುಗಿಯುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಮಾತಾಡಬೇಕು. ಮುಳ್ಳಿನ ಬನ್ನಿಯ ಸಣ್ಣ ಎಲೆ ಸಿಕ್ಕರೆ ಅದು, ಸಿಗದಿದ್ದರೆ ಮರಾಠಿ ಮಂದಿಯ ರೂಢಿಯಂತೆ ಆಪಟೆಯ ಎಲೆ. ಆಪಟೆಯ ಎಲೆ ನಡುವೆ ಸೀಳಿ ಎರಡು ಹೋಳಾದಂತೆ, ಆಕಳ ಗೊರಸಿನ ಹಾಗೆ ಇರುತ್ತದೆ. ಮಂದಾರದ ಎಲೆಯೂ ಹಾಗೇ ಇರುತ್ತದೆ. ಸ್ವಲ್ಪ ದೊಡ್ಡದು, ಅಷ್ಟೇ. ಗಿಡಗಳ ಜೊತೆ ಬದುಕುವ ನನಗೆ ಈ ವಿಷಯ ಮೊದಲೇ ತಲೆಗೆ ಬರಬೇಕಿತ್ತು. ಬರಲಿಲ್ಲ.

ಆ ವರ್ಷ ಹಬ್ಬದ ಮಧ್ಯಾಹ್ನ ಜೋರು ಮಳೆ ಹೊಡೆಯಿತು. ಊರ ಹೊರಗಿನ ದಾರಿ ಕೆಸರಾಗಿ, ಎರೆಮಣ್ಣಿನಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುವ ಹಾಗಾಯಿತು. ನಾನು ರಜೆ ಅಂತ ಮನೆಯಲ್ಲಿ ಹೋಳಿಗೆ ತಿಂದು ಮಲಗಿದ್ದೆ. ಸಂಜೆ ಹೊಸ ಸೀರೆ ಉಟ್ಟು ಓಣಿಯ ಗುಡಿಯ ಕಡೆ ಹೋದರೆ ಜನ ಆಗಲೇ ಬನ್ನಿ ಕೊಡಲು ಸುರು ಮಾಡಿದ್ದರು. ನನ್ನ ಎದುರಿಗೆ ಬಂದು ನಿಂತವರು ಬೇರೆ ಯಾರೂ ಅಲ್ಲ, ಕರದಂಟಿನ ಸಾವಕಾರರು. ಅವರ ಮನೆ ನಮ್ಮ ಪಕ್ಕದ ಓಣಿಯಲ್ಲೇ.

"ಬನ್ನಿ ತಗೊಂಡು ಬಂಗಾರದಂಗ ಇರೂಣವಾ," ಅಂದರು. "ಆ ಗಿಡದ ಸಂಬಂಧ ಮಾತಾಡಿದ್ದು ಮನಸ್ಸಿನ್ಯಾಗ ಇಟ್ಕೋಬ್ಯಾಡ. ಅದು ವ್ಯಾಪಾರದ ಮಾತು."

ದೊಡ್ಡವರು, ತಾವಾಗಿ ಬಂದು ಮಾತಾಡಿಸಿದರಲ್ಲ ಅಂತ ನನಗೆ ಮನಸ್ಸು ಕರಗಿತು. ಬಗ್ಗಿ ನಮಸ್ಕಾರ ಮಾಡಿ ಎಲೆ ತೆಗೆದುಕೊಂಡೆ. ಅಂಗೈ ತುಂಬುವ ಎಲೆ. ಎರಡು ವರ್ಷ ಯಾವ ಎಲೆಯ ಧೂಳು ತೊಳೆದಿದ್ದೆನೋ ಅದೇ ಎಲೆ. ಸುತ್ತ ನೋಡಿದೆ. ಮುದುಕರ ಕೈಯಲ್ಲಿ, ಹೆಂಗಸರ ಸೆರಗಿನಲ್ಲಿ, ಎಲ್ಲರ ಹತ್ತಿರವೂ ನನ್ನ ಮಂದಾರವೇ. ಓಣಿಗೆ ಓಣಿಯೇ ಅದನ್ನು ಬಂಗಾರ ಅಂತ ನಗುನಗುತ್ತ ಹಂಚಿಕೊಳ್ಳುತ್ತಿತ್ತು.

ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ರಸ್ತೆಗೆ ಓಡಿದೆ. ಇನ್ನೂ ಬೆಳಕಿತ್ತು. ಸಾಲಿಗೆ ಸಾಲೇ ಬೋಳು. ಕೆಲವು ಟೊಂಗೆ ಸೀಳಿ ತೊಗಟೆಯ ಮೇಲೆ ಜೋತಾಡುತ್ತಿದ್ದವು. ಪ್ರತಿ ಗಿಡದ ಬುಡಕ್ಕೂ ಅರಿಸಿನ ಕುಂಕುಮ ಬಿದ್ದಿತ್ತು, ಊದಿನಕಡ್ಡಿ ಹೊಗೆಯಾಡುತ್ತಿತ್ತು, ಒಡೆದ ತೆಂಗಿನಕಾಯಿಯ ನೀರು ಮಣ್ಣಿನಲ್ಲಿ ಇಂಗಿತ್ತು. ಕೈ ಮುಗಿದು, ಅಪ್ಪಣೆ ಕೇಳಿಯೇ ಕಿತ್ತಿದ್ದರು ಪುಣ್ಯಾತ್ಮರು.

ಕಾಕಾ ಗಾಡಿಯ ಮೇಲೆ ತಾಡಪಾಲು ಎಳೆಯುತ್ತಿದ್ದ. ನನ್ನ ಮುಖ ನೋಡಿ ಅವನ ಮುಖವೂ ಸಣ್ಣದಾಯಿತು.

"ನೀವರ ಒಂದ್ ಮಾತ್ ಹೇಳಬಾರದೇನ್ರಿ ಕಾಕಾ?" ಅಂದೆ.

"ಯಾರಿಗೆ ಹೇಳ್ಲಿ ತಂಗಿ? ಒಬ್ಬರು ಬಂದ್ರು, ಬನ್ನಿ ಐತಿ ಅಂತ ಕಾಯಿ ಒಡದ್ರು. ಅವರನ್ನ ನೋಡಿ ಹತ್ತ ಮಂದಿ ಬಂದ್ರು. ಹಬ್ಬದ ದಿವಸ, ಅವರ ದೇವ್ರ ಕೆಲಸದಾಗ ನಾ ಹೆಂಗ ಬಾಯಿ ಹಾಕ್ಲಿ?" ಅಂದ. ಆಮೇಲೆ ಅಂಗಿಯ ಕಿಸೆಯಿಂದ ಒಂದು ಎಲೆ ತೆಗೆದು ತೋರಿಸಿದ. "ನನಗೂ ಕೊಟ್ರು. ಪ್ರೀತಿಲೆ ಕೊಟ್ಟಾರ, ಹೆಂಗ ಬ್ಯಾಡ ಅನ್ಲಿ?"

ಅವನನ್ನು ಬೈಯಲಾಗಲಿಲ್ಲ. ಕಿತ್ತವರನ್ನು ಬೈಯೋಣವೆಂದರೆ ಇಡೀ ಪೇಟೆಯನ್ನೇ ಬೈಯಬೇಕು. ಅಲ್ಲೇ ಫುಟ್‌ಪಾತಿನ ಮೇಲೆ ಕುಳಿತು ಅತ್ತುಬಿಟ್ಟೆ. ಸಾಹೇಬರು ಯಾವ ದಿನ ಬೇಕಾದರೂ ಬರಬಹುದಿತ್ತು, ಬಂದರೆ ಅವರಿಗೆ ಕಾಣುವುದು ಬರೀ ಕೋಲು.

ಮರುದಿನ ಸೀಳಿದ ಟೊಂಗೆಗಳನ್ನು ನೀಟಾಗಿ ಕೊಯ್ದು, ಗಾಯಕ್ಕೆ ಸಗಣಿ ಮೆತ್ತಿ, ಬುಡ ಸಡಿಲಿಸಿ ನೀರು ಬಿಟ್ಟೆ. ಉಗುರಿನಿಂದ ತೊಗಟೆ ಕೆರೆದು ನೋಡಿದರೆ ಒಳಗೆ ಹಸಿರಿತ್ತು. ಜೀವ ಇದೆ ಅಂತ ನನಗೆ ಗೊತ್ತು. ಆದರೆ ಸಾಹೇಬರು ಉಗುರಿನಿಂದ ಕೆರೆದು ನೋಡುವವರಲ್ಲ, ಜೀಪಿನಿಂದ ಇಳಿದು ನೋಡುವವರು.

ಚಿಗುರು ಒಡೆಯುವ ಮೊದಲೇ ಜೀಪು ಬಂತು.

"ಏನಮ್ಮ ಇದು, ಗಿಡ ಎಲ್ಲಿ?" ಅಂದರು ಸಾಹೇಬರು. "ಚೆನ್ನಾಗಿ ಬಂದಿವೆ ಅಂದಿದ್ದೆಯಲ್ಲ? ಎಲ್ಲ ಸತ್ತು ನಿಂತಿವೆ."

"ಸತ್ತಿಲ್ರಿ ಸಾಹೇಬ್ರ, ಒಳಗ ಹಸಿ ಅದಾವು. ಮಂದಿ ಎಲಿ…"

"ಕಾರಣ ಬೇಡಮ್ಮ. ನನಗೆ ಕಾಣೋದು ಹೇಳ್ತಿದ್ದೀನಿ." ಹೀಗಂದು ಜೊತೆಗಿದ್ದವನಿಗೆ ಜೆಸಿಬಿ ಯಾವತ್ತು ಸಿಗುತ್ತದೆ ಅಂತ ಕೇಳಿದರು.

ಅಷ್ಟರಲ್ಲಿ ಸಾವಕಾರರು ಅಂಗಡಿಯ ಮೆಟ್ಟಿಲು ಇಳಿದು ರಸ್ತೆ ದಾಟಿ ಬರುವುದು ಕಾಣಿಸಿತು. ಮುಗಿಯಿತು ಅಂದುಕೊಂಡೆ. ಅವರು ಕೇಳಿದ ಪಾರ್ಕಿಂಗು ತಾನಾಗಿಯೇ ಅವರ ಬಾಗಿಲಿಗೆ ಬರುತ್ತಿತ್ತು. ಇನ್ನೇನು, ಒಂದು ಕೈ ಮುಗಿದು ಉಪಕಾರವಾಯಿತು ಅನ್ನುವುದಷ್ಟೇ ಬಾಕಿ.

"ಸಾಹೇಬ್ರ," ಅಂದರು ಸಾವಕಾರರು, "ಈ ಗಿಡಾ ತಗಸಬ್ಯಾಡ್ರಿ."

ಸಾಹೇಬರಿಗಿಂತ ಹೆಚ್ಚು ಗಾಬರಿಯಾದದ್ದು ನನಗೆ.

"ನೀವೇ ತೆಗೆಸಿ ಅಂದಿದ್ರಿ?"

"ಅಂದಿದ್ದೆ, ಖರೆ. ಆವಾಗ ಬನ್ನಿ ಗಿಡಾ ಅಂತ ಗೊತ್ತಿರಲಿಲ್ಲ. ಮೊನ್ನಿ ದಸರಾಕ್ಕ ಇಡೀ ಪ್ಯಾಟಿ ಮಂದಿ ಪೂಜಿ ಮಾಡಿ ಮುಡದೇವಿ. ಅದಕ್ಕ ಬೋಳಾಗಿ ನಿಂತಾವು. ಬನ್ನಿ ತಗೊಂಡ ಗಿಡಕ್ಕ ಎಂಟ ದಿವಸದಾಗ ಜೆಸಿಬಿ ಹಚ್ಚಿದ್ರ ಊರಿಗೆ ಚಲೋ ಆಕ್ಕೈತೇನ್ರಿ?"

ಅವರ ಹಿಂದೆಯೇ ಬಂದು ನಿಂತಿದ್ದ ಅಕ್ಕಪಕ್ಕದ ಅಂಗಡಿಯವರೆಲ್ಲ ಹೌದು ಹೌದು ಅಂತ ತಲೆ ಆಡಿಸಿದರು. ಸಾಹೇಬರು ಅನುಮಾನದಿಂದ ನನ್ನ ಕಡೆ ತಿರುಗಿದರು. "ಹೌದೇನಮ್ಮ? ಇವು ಬನ್ನಿ ಮರಾನಾ?"

ಕಾಕಾ ಗಾಡಿಯ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ. ಇಲ್ಲ ಅಂದರೆ ಗಿಡ ಹೋಗುತ್ತವೆ. ಹೌದು ಅಂದರೆ ನನ್ನ ಕೈಯಾರೆ ಹಚ್ಚಿದ ಗಿಡದ ಬಗ್ಗೆ ನಾನೇ ಸುಳ್ಳು ಹೇಳಿದಂತೆ.

"ಮಂದಿ ಕಾಯಿ ಒಡದು, ಕೈ ಮುಗದು ಹರ್ಕೊಂಡ ಹೋಗ್ಯಾರ್ರಿ ಸಾಹೇಬ್ರ," ಅಂದೆ. "ಕುಂಕುಮ ಇನ್ನೂ ಐತಿ, ನೋಡ್ರಿ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಾಹೇಬರು ಬುಡದ ಕುಂಕುಮ ನೋಡಿದರು, ಸೇರಿದ ಜನವನ್ನು ನೋಡಿದರು, ಹೊಸ ಊರಿನಲ್ಲಿ ದೇವರ ಗಿಡದ ತಂಟೆ ಯಾಕೆ ಅನ್ನಿಸಿರಬೇಕು. "ಸರಿ, ಬೇಸಿಗೆವರೆಗೂ ಇರಲಿ. ಚಿಗುರದಿದ್ದರೆ ಆಮೇಲೆ ನೋಡೋಣ," ಅಂತ ಜೀಪು ಹತ್ತಿದರು. ಜೀಪು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಅಲ್ಲೇ ನಿಂತು ನೋಡಿದೆ. ಕಾಕಾ ಒಂದು ಪೇರಲ ಹಣ್ಣು ಹೆಚ್ಚಿ, ಉಪ್ಪು ಖಾರ ಹಚ್ಚಿ ಕೈಗಿಟ್ಟ. ಅಷ್ಟು ರುಚಿಯಾದ ಹಣ್ಣು ನಾನು ಅದಕ್ಕಿಂತ ಮೊದಲು ತಿಂದಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಗಿಡ ಚಿಗುರಿದವು. ಮೊದಲ ಚಿಗುರು ಕಂಡ ಬೆಳಿಗ್ಗೆ ನಾನು ಒಬ್ಬಳೇ ರಸ್ತೆಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದೆ. ಮನೆಯಲ್ಲಿ ಹೇಳಿದರೆ, ಸಾಹೇಬರು ಪಗಾರ ಹೆಚ್ಚು ಮಾಡಿದರೇನು ಅಂತ ಕೇಳಿದರು. ಅದಕ್ಕಿಂತ ದೊಡ್ಡದು ಅಂದೆ.

ಆದರೆ ಒಂದು ಅಳುಕು ಉಳಿದೇ ಇತ್ತು. ಚಳಿಗಾಲ ಕಳೆಯುವ ಹೊತ್ತಿಗೆ ಮಂದಾರ ಹೂ ಬಿಡುತ್ತದೆ. ಎಳೆಯ ಗಿಡ ಅಂತ ಇಲ್ಲಿಯವರೆಗೆ ಬಿಟ್ಟಿರಲಿಲ್ಲ. ಬೇರೆ ಊರುಗಳಲ್ಲಿ ಜನ ಹೂ ಬಿಡಲಿ ಅಂತ ಗಿಡಕ್ಕೆ ಗೊಬ್ಬರ ಹಾಕುತ್ತಾರೆ, ನಾನು ಈ ವರ್ಷವೊಂದು ಬಿಡದಿರಲಿ ಅಂತ ದೇವರನ್ನು ಬೇಡಿಕೊಂಡೆ. ದೇವರು ಕೇಳಲಿಲ್ಲ. ಮೊಗ್ಗು ಕಟ್ಟಿದವು, ಒಂದು ವಾರದಲ್ಲಿ ಇಡೀ ಸಾಲು ತಿಳಿಗುಲಾಬಿ ಬಣ್ಣಕ್ಕೆ ತಿರುಗಿತು. ಯಾವ ಬನ್ನಿಯೂ, ಯಾವ ಆಪಟೆಯೂ ಹುಟ್ಟಿದಾಗಿನಿಂದ ಅಂಥ ಹೂ ಬಿಟ್ಟಿಲ್ಲ.

ಸಾವಕಾರರು ಒಂದು ಬೆಳಿಗ್ಗೆ ರಸ್ತೆ ದಾಟಿ ಬಂದರು. ಕೆಳಗೆ ಬಿದ್ದ ಹೂವೊಂದನ್ನು ಎತ್ತಿ ತಿರುಗಿಸಿ ನೋಡಿದರು.

"ಇದು ಬನ್ನಿ ಅಲ್ಲ."

"ಅಲ್ರಿ ಸಾವ್ಕಾರ್ರ. ಮಂದಾರ," ಅಂದೆ. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ.

"ಅವತ್ತ ಸಾಹೇಬ್ರ ಮುಂದ ಯಾಕ ಹೇಳಲಿಲ್ಲ?"

"ನೀವು ದೊಡ್ಡವರು ಮಾತಾಡಾಕತ್ತಿದ್ರಿ. ನಡುವ ಬಾಯಿ ಹಾಕೂದು ಚಲೋ ಅನಿಸಲಿಲ್ರಿ."

ಪೇಟೆಯ ನಾಯಿಗೂ ಗೊತ್ತು, ಯಾರದೇ ಮಾತಿನ ನಡುವೆ ಬಾಯಿ ಹಾಕದೆ ಬಿಟ್ಟ ಹೆಣ್ಣುಮಗಳು ನಾನಲ್ಲ. ಅವರಿಗೂ ಗೊತ್ತಿತ್ತು. ಮೀಸೆಯ ಕೆಳಗೆ ಏನೋ ಅಲುಗಾಡಿತು, ಸಿಟ್ಟೋ ನಗೆಯೋ ತಿಳಿಯಲಿಲ್ಲ. ಸಾಹೇಬರು ಕೊಟ್ಟ ಬೇಸಿಗೆಯ ಗಡುವು ಇನ್ನೂ ಮುಗಿದಿರಲಿಲ್ಲ. ಅವರು ಒಂದು ಫೋನು ಮಾಡಿದ್ದರೆ ಸಂಜೆಯೊಳಗೆ ಜೆಸಿಬಿ ಬರುತ್ತಿತ್ತು. ಪೈಪಿನ ನೀರು ನನ್ನ ಕಾಲ ಮೇಲೇ ಹರಿಯುತ್ತಿತ್ತು, ನನಗೆ ಅದರ ಖಬರೂ ಇರಲಿಲ್ಲ.

ಅವರು ಹೂವನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. "ದಸರಾದಿಂದ ಆ ಎಲಿ ನಮ್ಮ ತಿಜೋರಿಯೊಳಗ ಇಟ್ಟೇವಿ. ದಿನಾ ಊದಿನಕಡ್ಡಿ ಬೆಳಗತೇನಿ. ನಮ್ಮ ಮನ್ಯಾಕಿ ಬೀಗರಿಗೆಲ್ಲಾ ಕೊಟ್ಟಾಳ, ಮೂಡಲಗಿಗೆ ಮಗಳ ಮನಿಗೂ ಕಳಿಸ್ಯಾಳ." ಹೂವಿನ ಮಣ್ಣು ಊದಿ ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. "ಈಗ ಅದು ಬನ್ನಿ ಅಲ್ಲ ಅಂತ ನಾ ಯಾರ್ಯಾರಿಗೆ ಹೇಳ್ಕೋತ ಹೋಗ್ಲಿ? ಇರಲಿ ಬಿಡು."

ಹಾಗಂದು ಅಂಗಡಿಗೆ ಹೋಗಿ ಗಲ್ಲಾದ ಮುಂದೆ ಕುಳಿತರು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಕಾಕಾನ ಗಾಡಿಗೆ ಕೈ ಊರಿ ನಿಂತುಕೊಂಡೆ.

ಆಗಲೇ ಬಸ್ಸಿಳಿದು ಬಂದ ಹೆಣ್ಣುಮಗಳೊಬ್ಬಳು ಚೀಲ ಕೆಳಗಿಟ್ಟು, ತಲೆ ಎತ್ತಿ ಹೂ ನೋಡುತ್ತ, "ಎಷ್ಟ್ ಚಂದ ಅದಾವ್ರಿ ಅಕ್ಕಾರ! ಇವು ಎಂಥಾ ಗಿಡಾ?" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಎದುರಿನ ಅಂಗಡಿಯಿಂದ ಸಾವಕಾರರ ಧ್ವನಿ ಬಂತು. "ಬನ್ನಿ ಗಿಡಾ!"

ಅವಳು ನಂಬಲಾರದೆ ನನ್ನ ಮುಖ ನೋಡಿದಳು.

"ಹೌದವಾ," ಅಂದೆ. "ಬನ್ನಿ."