"ಅಡ್ಡಿಲ್ಲೆ" ಎಂದದ್ದಕ್ಕೆ

ಪ್ಲಾಸ್ಟಿಕ್ ಚೀಲಕ್ಕೆ ದಂಡ ಹಾಕುತ್ತಾರೆಂಬ ಹೆದರಿಕೆಯಿಂದ, ನಮ್ಮ ಬೀದಿಗೆ ಸ್ಕೂಟರಿನಲ್ಲಿ ಮೀನು ತರುವವರು ಕಳೆದ ವಾರ ಬಂಗುಡೆಯನ್ನು ಸಾಗುವಾನಿ ಎಲೆಯಲ್ಲಿ ಕಟ್ಟಿಕೊಟ್ಟರು. ಮಳೆಗಾಲದ ಎಳೆ ಎಲೆ. ಅಡುಗೆಮನೆಯಲ್ಲಿ ಕಟ್ಟು ಬಿಚ್ಚುವಾಗ ಎಲೆ ಹರಿದು ಬೆರಳಿಗೆಲ್ಲ ಕೆಂಪು ಹತ್ತಿತು. ಹಸಿ ಎಲೆಯ ಒಗರು, ಮೀನಿನ ಉಪ್ಪು, ಮಂಜುಗಡ್ಡೆಯ ತಣ್ಣನೆ ವಾಸನೆ... ನಲ್ಲಿಯ ಕೆಳಗೆ ಕೈಯಿಟ್ಟು ತಿಕ್ಕಿದೆ. ಕೆಂಪು ಹೋಗಲಿಲ್ಲ. ಮೀನನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಆ ಮೆಟ್ಟಿಲ ಮೇಲೆ ಕೂರುತ್ತಿದ್ದವಳು ಬೇರೆಯವಳು.

ಅವಳನ್ನು ನಾವು ಮೀನಿನಕ್ಕ ಎನ್ನುತ್ತಿದ್ದೆವು. ಕಡಲ ಬದಿಯ ಕೋಡಿಯಿಂದ ಬುಟ್ಟಿ ಹೊತ್ತು ಬರುತ್ತಿದ್ದಳು. ಗೇಟಿನ ಹೊರಗೆ ನಿಂತು "ಹ್ವಾಯ್ ಟೀಚ್ರೇ" ಎಂದು ಕೂಗಿದರೆ ಆಚೆ ಮನೆಯ ನಾಯಿಯೂ ಎದ್ದು ಬರುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಕಾಲ ಅದು. ಅವಳ ಒಬ್ಬಳೇ ಮಗಳು ನನ್ನ ತರಗತಿಯಲ್ಲೇ ಇದ್ದಳು. ಗಂಡ ಬಹಳ ವರ್ಷ ಮುಂಬೈ ಹೋಟೆಲಿನಲ್ಲಿ ದುಡಿದು, ಊರಿಗೆ ಬರುವಾಗ ಕುಡಿತವೊಂದನ್ನು ಮಾತ್ರ ಗಂಟು ಕಟ್ಟಿಕೊಂಡು ಬಂದಿದ್ದ. ಆದರೂ ಅವಳು ಅವನನ್ನು ಬಿಟ್ಟುಕೊಡುತ್ತಿರಲಿಲ್ಲ. ಅವನಿಗೆ ಇಷ್ಟವೆಂದು ಬುಟ್ಟಿಯ ಮೂಲೆಯಲ್ಲಿ ಒಂದೆರಡು ಕಾಣೆ ಮೀನು ಬೇರೆ ಇಟ್ಟಿರುತ್ತಿದ್ದಳು. ಯಾರು ಎಷ್ಟು ಕೇಳಿದರೂ ಕೊಡುತ್ತಿರಲಿಲ್ಲ. "ಅದ್ ಅವ್ರಿಗೆ" ಎನ್ನುತ್ತಿದ್ದಳು, ನಾಚಿಕೆಯೇನೂ ಇಲ್ಲದೆ.

ಅವಳ ಬಾಯಲ್ಲಿ ಸದಾ ಇದ್ದ ಮಾತು "ಅಡ್ಡಿಲ್ಲೆ". ಬೈಂದೂರಿನಿಂದ ಬ್ರಹ್ಮಾವರದವರೆಗೆ ಈ ಮಾತು ಆಡದ ಮನೆಯಿಲ್ಲ. ಯಡ್ತರೆಯಲ್ಲಿ ಹುಟ್ಟಿದ ನಾನೂ ಇದನ್ನೇ ಕೇಳಿ ಬೆಳೆದವಳು. ಸಾರು ಹೇಗಾಗಿದೆ ಎಂದರೆ ಅಡ್ಡಿಲ್ಲೆ, ಪರವಾಗಿಲ್ಲ ಎಂದ ಹಾಗೆ. ಮಗಳಿಗೆ ಒಳ್ಳೆಯ ಅಂಕ ಬಂದರೆ ಅಡ್ಡಿಲ್ಲೆ. ಜ್ವರದಲ್ಲಿ ಮೈ ಸುಡುತ್ತಿದ್ದರೂ, ಹೇಗಿದ್ದೀರಿ ಎಂದು ಕೇಳಿದವರಿಗೆ ಅಡ್ಡಿಲ್ಲೆ. ಕೇಳಿದವರ ತಲೆಯ ಮೇಲೆ ನಮ್ಮ ಭಾರ ಹೇರಬಾರದೆಂದು ನಮ್ಮವರು ಕಂಡುಕೊಂಡ ಮರ್ಯಾದೆ ಅದು. ಆ ಮರ್ಯಾದೆಯೇ ಅವಳನ್ನು ಜೈಲಿಗೆ ಕಳಿಸಿತು.

ಒಂದು ಬೆಳಿಗ್ಗೆ ಅವಳ ಗಂಡನ ಹೆಣ ಅಳಿವೆಯ ಬಳಿ ಕಲ್ಲುಗಳ ನಡುವೆ ಸಿಕ್ಕಿತು. ತಲೆಗೆ ಪೆಟ್ಟಾಗಿತ್ತು. ಕುಡಿದು ಅತ್ತ ಹೋಗುತ್ತಿದ್ದುದನ್ನು ಕಂಡವರಿದ್ದರು. ಮನೆಯಲ್ಲಿ ಜಗಳವಾದದ್ದನ್ನು ಕೇಳಿದವರೂ ಇದ್ದರು. ಹೆಣ ಎತ್ತುವಾಗ ಅವಳು ಅಳಲಿಲ್ಲವಂತೆ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಬಂದವರಿಗೆ ಊಟ ಹಾಕಲು ದುಡ್ಡು ಬೇಕಲ್ಲ, ಅದಕ್ಕೆ ಸೂತಕ ಕಳೆಯುವ ಮೊದಲೇ ಬುಟ್ಟಿ ಎತ್ತಿಕೊಂಡು ಬೀದಿಗಿಳಿದಳು. ಊರಿನ ಬಾಯಿಗೆ ಅಷ್ಟು ಸಾಕಾಯಿತು. ಬೊಜ್ಜ ಸರಿಯಾಗಿ ಮಾಡದಿದ್ದರೆ ಆಡಿಕೊಳ್ಳುತ್ತಿದ್ದವರೂ ಇವರೇ.

ನನ್ನ ಮನೆಗೂ ಬಂದಳು. "ಹ್ಯಾಂಗಿದ್ರಿ ಅಕ್ಕ?" ಎಂದೆ. "ಅಡ್ಡಿಲ್ಲೆ ಟೀಚ್ರೆ" ಎಂದು ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕುಳಿತಳು. ಬುಟ್ಟಿಯ ಮೂಲೆಯಲ್ಲಿ ಕಾಣೆ ಮೀನು ಬೇರೆ ಇಟ್ಟಿದ್ದಳು. ಅವಳ ಕೈ ಎಂದಿನಂತೆ ಅದನ್ನು ಎತ್ತಿಟ್ಟಿರಬೇಕು. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು. ಮೀನು ಕಟ್ಟುವ ಸಾಗುವಾನಿ ಎಲೆಯೊಂದನ್ನು ತೆಗೆದು ಅದರ ಮೇಲೆ ಮುಚ್ಚಿದಳು... ಅಳು ಎಂದರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಆ ಎಲೆಯೇ ನೆನಪಾಗುತ್ತದೆ.

ಗಂಡನ ಅಣ್ಣ ದೂರು ಕೊಟ್ಟ. ಪೊಲೀಸರು ಅವಳನ್ನು ಕರೆದೊಯ್ದರು, ಅವಳ ಸೀರೆಯನ್ನೂ ಒಯ್ದರು. ಸೆರಗಿನಲ್ಲಿ ಕೆಂಪು ಕಲೆಗಳಿದ್ದವು. ಸಾಗುವಾನಿ ಎಲೆಯ ಕಲೆ ಎಂದು ಅವಳು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಬೆಂಗಳೂರಿನಿಂದ ಒಬ್ಬ ಮನಃಶಾಸ್ತ್ರಜ್ಞೆಯನ್ನು ಕರೆಸಿದರು. ಆರೋಪಿಗಳ ಮನಸ್ಸು ಓದುವುದು ಆಕೆಯ ಕೆಲಸ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೆಟ್ಟವಳೇನಲ್ಲ. ಇವಳನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು ಮಾತಾಡಿಸಿದಳಂತೆ. ಅಲ್ಲಿಯವರೆಗೆ ಠಾಣೆಯಲ್ಲಿ ಅವಳಿಗೆ ಮರ್ಯಾದೆ ಕೊಟ್ಟವರು ಆಕೆಯೊಬ್ಬಳೇ. ಅದಕ್ಕೇ ಮೀನಿನಕ್ಕನೂ ತನ್ನ ಮರ್ಯಾದೆ ತೋರಿಸಿದಳು. ಗಂಡ ಹೋದ ಮೇಲೆ ಹೇಗನಿಸುತ್ತಿದೆ ಎಂಬ ಪ್ರಶ್ನೆಗೆ "ಅಡ್ಡಿಲ್ಲೆ" ಎಂದಳು.

ಜಾಮೀನು ಅರ್ಜಿಯ ವಿಚಾರಣೆ ಮುಗಿದ ದಿನ ಅವಳ ವಕೀಲರು ವರದಿಯ ಆ ಸಾಲನ್ನು ನನಗೆ ಓದಿ ಹೇಳಿದರು: "ಗಂಡನ ಸಾವಿನ ಬಗ್ಗೆ ತನಗೆ ಯಾವ ಅಡ್ಡಿಯೂ ಇಲ್ಲವೆಂದು ಆಕೆ ತಿಳಿಸಿದಳು. ಪಶ್ಚಾತ್ತಾಪದ ಲಕ್ಷಣ ಕಾಣಲಿಲ್ಲ." ನಾನು ನಕ್ಕುಬಿಟ್ಟೆ. ನಿಜಕ್ಕೂ ನಗು ಬಂತು. ಆಮೇಲೆ ವಕೀಲರ ಮುಖ ನೋಡಿದೆ... ಜಾಮೀನು ಸಿಕ್ಕಿರಲಿಲ್ಲ.

ಮರುದಿನ ಪೇಪರಿನಲ್ಲೂ ಬಂತು, ಗಂಡನ ಸಾವಿಗೆ ಅಡ್ಡಿಯಿಲ್ಲ ಎಂದ ಹೆಂಡತಿ ಎಂದು. ಬರೆದವನು ಹಟ್ಟಿಯಂಗಡಿ ಕಡೆಯವನು. ಅವನ ತಾಯಿಯೂ ದಿನವಿಡೀ ಅಡ್ಡಿಲ್ಲೆ ಅನ್ನುವವಳೇ ಇರಬೇಕು. ಬೆಂಗಳೂರಿನವಳಿಗೆ ತಿಳಿಯಲಿಲ್ಲ, ಸರಿ. ನಮ್ಮವರಿಗೆ ಏನಾಗಿತ್ತು? ದಿನಾ ಆಡುವ ಮಾತು ಸರಕಾರಿ ಕಾಗದದಲ್ಲಿ ಅಚ್ಚಾಗಿ ಬಂದ ಕೂಡಲೇ ಎಲ್ಲರಿಗೂ ಅದರ ಅರ್ಥ ಮರೆತುಹೋಯಿತು. 

ಒಮ್ಮೆ ಜೈಲಿಗೆ ಹೋಗಿ ಅವಳನ್ನು ನೋಡಿದೆ. ಕೇಸಿನ ವಿಚಾರ ಒಂದೂ ಕೇಳಲಿಲ್ಲ. "ಹೆಣ್ ಶಾಲಿಗ್ ಬತ್ತಾ ಟೀಚ್ರೆ?" ಎಂದಳು. ಬರುತ್ತಾಳೆ ಎಂದೆ. ಆಗಿನ್ನೂ ಬರುತ್ತಿದ್ದಳು. "ನಂಗೆ ಎಂತ ಬೇಕಾರೂ ಆಯ್ಲಿ. ಅದೊಂದ್ ನನ್ನ ನಂಬ್ರೆ ಸಾಕ್" ಎಂದಳು. ನಂಬದೆ ಏನು ಎಂದು ನಾನು ಧೈರ್ಯವಾಗಿ ಹೇಳಿ ಬಂದೆ.

ಸ್ವಲ್ಪ ದಿನಕ್ಕೇ ದೊಡ್ಡಪ್ಪ, ಅಂದರೆ ದೂರು ಕೊಟ್ಟವನೇ, ಆ ಹುಡುಗಿಯನ್ನು ಮುಂಬೈಯ ಸಂಬಂಧಿಕರ ಮನೆಗೆ ಕಳಿಸಲು ಏರ್ಪಾಡು ಮಾಡಿದ. ಟಿ.ಸಿ.ಗೆಂದು ಶಾಲೆಗೆ ಬಂದಾಗ ಅವಳನ್ನು ಪಕ್ಕಕ್ಕೆ ಕರೆದೆ. ನಿನ್ನಮ್ಮ ಹೇಳಿದ ಮಾತಿನ ಅರ್ಥ ನಿನಗೆ ಗೊತ್ತಲ್ಲ ಮಗಾ ಎಂದೆ. ಅವಳು ತಲೆ ಎತ್ತಲಿಲ್ಲ. "ಪೇಪರಂಗ್ ಬಂದಿತ್ತಲ್ದಾ ಟೀಚರ್" ಎಂದಳು. ನಾನು ಕಲಿಸಿದ ಹುಡುಗಿ. ಓದಿದ್ದನ್ನೆಲ್ಲ ನಂಬುವುದನ್ನು ಶಾಲೆಯಲ್ಲೇ ಕಲಿತಿದ್ದಳು.

ಕೇಸು ನಡೆಯುವಾಗ ಸಾಕ್ಷಿ ಹೇಳಲು ನಾನೇ ಹೋದೆ. ಸರಕಾರಿ ವಕೀಲರು ಕನ್ನಡಕ ಸರಿಮಾಡಿಕೊಂಡು, ನೀವು ಹೇಳುವ ಅರ್ಥ ಯಾವ ನಿಘಂಟಿನಲ್ಲಿದೆ ಎಂದು ಕೇಳಿದರು. ಹೊರಗೆ ಚಾ ಕುಡಿಯುತ್ತಿರುವವರನ್ನು ಚಾ ಹೇಗಿದೆ ಎಂದು ಕೇಳಿ ನೋಡಿ ಎಂದೆ. ಕೋರ್ಟಿನಲ್ಲಿ ನಗು ಎದ್ದಿತು. ನಗಿಸಲಿಕ್ಕೆಂದು ಹೇಳಿದ ಮಾತಾಗಿರಲಿಲ್ಲ. ಕಟಕಟೆಯಲ್ಲಿ ನಿಂತಿದ್ದ ಅವಳೊಬ್ಬಳು ನಗಲಿಲ್ಲ.

ಹೊರಗೆ ಬಂದಾಗ ಆ ಮನಃಶಾಸ್ತ್ರಜ್ಞೆ ನನ್ನ ಬಳಿ ಬಂದಳು. "ಮಾತಿನ ವಿಷಯ ಬಿಡಿ ಮೇಡಂ. ಒಂದು ಹನಿ ಕಣ್ಣೀರೂ ಹಾಕಲಿಲ್ಲವಲ್ಲ, ಅದು ಸಹಜವಾ?" ಎಂದಳು. "ನಿಮ್ಮೆದುರು ಯಾಕೆ ಅಳಬೇಕು? ನೀವು ಅವಳಿಗೆ ಏನಾಗಬೇಕು?" ಎಂದೆ. ಅತ್ತವರು ನಿರ್ದೋಷಿಗಳು, ಅಳದವರು ಕೊಲೆಗಾರರು ಎಂದು ಹೇಳಲು ಅಷ್ಟು ದೂರದಿಂದ ಓದಿದವರನ್ನು ಕರೆಸುವುದೇಕೆ? ಅಷ್ಟನ್ನು ನಮ್ಮ ಬೀದಿಯ ಹೆಂಗಸರು ಪುಕ್ಕಟೆ ಹೇಳಿ ಮುಗಿಸಿದ್ದರು.

ಕೊನೆಗೂ ಪ್ರಯೋಗಾಲಯದ ವರದಿ ಬಂತು. ಸೆರಗಿನದು ರಕ್ತವಲ್ಲ, ಎಲೆಯ ಬಣ್ಣ. ಕಲೆಯನ್ನು ಪರೀಕ್ಷಿಸಲು ಒಂದು ಜಾಗವಿತ್ತು. ಅವಳ ಮಾತನ್ನು ಪರೀಕ್ಷಿಸಲು ಎಲ್ಲೂ ಇರಲಿಲ್ಲ. ಸಂಶಯದ ಲಾಭ ಕೊಟ್ಟು ಅವಳನ್ನು ಬಿಟ್ಟರು. ಅಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಬಂದವಳು ಅದೇ ಮೆಟ್ಟಿಲ ಮೇಲೆ ಕುಳಿತು, "ಸಂಶಯದ ಲಾಭ ಅಂದ್ರೆ ಎಂತ ಟೀಚ್ರೆ? ಸಂಶಯ ಹಾಂಗೇ ಇತ್ತ್ ಅಂದೇ ಅಲ್ದಾ?" ಎಂದು ಕೇಳಿದಳು. ಮಕ್ಕಳಿಗೆ ಪದಗಳ ಅರ್ಥ ಹೇಳಿಕೊಟ್ಟೇ ಸಂಬಳ ತಿಂದವಳು ನಾನು. ಅವತ್ತು ಒಳಗೆ ಹೋಗಿ ಅವಳಿಗೆ ಚಾಕ್ಕೆ ನೀರಿಟ್ಟೆ. ಮಗಳಿಗೆ ನನ್ನಿಂದಲೇ ಎಷ್ಟೋ ಸಲ ಫೋನ್ ಮಾಡಿಸಿದಳು. ಮಗಳು ಬರಲಿಲ್ಲ.

ಮೀನಿನಕ್ಕ ಮತ್ತೆ ಬುಟ್ಟಿ ಎತ್ತಿದಳು. ಜನ ಕೊಂಡರು. ಹಸಿ ಮೀನನ್ನು ಬಿಟ್ಟುಕೊಡುವಷ್ಟು ನೀತಿವಂತರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಆದರೆ ಗೇಟಿನಲ್ಲಿ ನಿಂತು ಕೂಗುವುದನ್ನು ಅವಳು ಬಿಟ್ಟಿದ್ದಳು. ಒಂದು ದಿನ ನಾನು ರೂಢಿಯಂತೆ "ಹ್ಯಾಂಗಿದ್ರಿ ಅಕ್ಕ?" ಎಂದೆ. ಎಲೆ ಮಡಚುತ್ತಿದ್ದ ಕೈ ನಿಂತಿತು. "ಬರ್ಕಂತ್ರಿಯಾ ಟೀಚ್ರೆ?" ಎಂದಳು. ತಮಾಷೆಗೆ ಅಂದಳೋ ಏನೋ... ಇಲ್ಲ, ತಮಾಷೆಯಲ್ಲ. ನನ್ನ ಕೈಯಲ್ಲಿ ಪೆನ್ನಿದೆಯೇ ಎಂದು ಅವಳು ನೋಡಿದ್ದನ್ನು ನಾನು ಕಂಡಿದ್ದೇನೆ. ಮತ್ತೆಂದೂ ಅವಳ ಬಾಯಿಂದ ಅಡ್ಡಿಲ್ಲೆ ಎಂಬ ಮಾತು ನಾನು ಕೇಳಲಿಲ್ಲ.

ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಎದೆನೋವಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಬೇಕಾದಾಗ ಬಾರದ ಮಗಳು ಅವತ್ತು ಬಂದಳು. ತಾಯಿಯ ಕಾಲ ಬಳಿ ಕೂತಿದ್ದವಳನ್ನು ನೆರೆದ ಹೆಂಗಸರೆಲ್ಲ ಅಳುತ್ತಾಳೋ ಇಲ್ಲವೋ ಎಂದು ಕಾಯುತ್ತ ನೋಡುತ್ತಿದ್ದರು. ಅವಳು ಅಳಲಿಲ್ಲ. ನನಗೂ ಅವಳ ಮೇಲೆ ಸಿಟ್ಟಿತ್ತು, ಮಾತಾಡಿಸಬಾರದೆಂದೇ ಹೋಗಿದ್ದೆ. ಆದರೂ ಮನಸ್ಸು ತಡೆಯದೆ ಹತ್ತಿರ ಕೂತು, ಹೆಗಲ ಮೇಲೆ ಕೈಯಿಟ್ಟು "ಹ್ಯಾಂಗಿದ್ದೆ ಮಗಾ?" ಎಂದೆ.

"ಅಡ್ಡಿಲ್ಲೆ ಟೀಚರ್" ಎಂದಳು.

ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಮ್ಮನ ಮುಖ ನೋಡಿದಳು... ಅದನ್ನು ಕಂಡು ನೆಮ್ಮದಿಪಡಬೇಕಾದವಳು ಇರಲಿಲ್ಲ.

ಬಂಗುಡೆ ಕೊಂಡ ಮಾರನೇ ದಿನ ಸ್ಕೂಟರಿನವರು ಗೇಟಿನ ಬಳಿ ಹಾರ್ನ್ ಹೊಡೆದರು. "ನಿನ್ನಿ ಮೀನ್ ಹ್ಯಾಂಗಿತ್ತ್ ಟೀಚ್ರೆ?" ಎಂದು ಕೇಳಿದರು. ಆ ಮಾತು ನಾಲಿಗೆಯ ತುದಿವರೆಗೆ ಬಂತು, ಹೊರಗೆ ಬರಲಿಲ್ಲ. "ಲಾಯ್ಕಿತ್ತ್" ಎಂದೆ. ಅಷ್ಟೇನೂ ಚೆನ್ನಾಗಿರಲಿಲ್ಲ. ಅವಳ ಜೊತೆಗೆ ಆ ಮಾತೂ ನನ್ನ ಮನೆಯಿಂದ ಹೋಗಿಬಿಟ್ಟಿದೆ. ಪೆಟ್ಟಿಗೆಯ ಮುಚ್ಚಳ ತೆಗೆದು, ಇವತ್ತು ಒಳ್ಳೆಯ ಕಾಣೆ ಬಂದಿದೆ ಎಂದು ತೋರಿಸಿದರು. ಬೇಡವೆಂದು ಒಳಗೆ ಬಂದೆ.