ಎಡಗಿವಿಗೆ ಹೇಳಿದ ಮಾತು

ನನ್ನ ಸಂಸಾರದ ಮುಖ್ಯವಾದ ಮಾತುಗಳನ್ನೆಲ್ಲ ನಾನು ಒಂದು ಬೆನ್ನಿಗೆ ಹೇಳಿಕೊಂಡು ಬಂದಿದ್ದೇನೆ. ಬೆನ್ನು ನಮ್ಮ ಯಜಮಾನರದು. ನಂಗಲಿಯ ತವರಿಗೆ ಹೊರಟಾಗ ಬೈಕು ಕೋಲಾರ ದಾಟುವ ತನಕ ನನಗೆ ಮಾತು ಬರುವುದಿಲ್ಲ. ದಾಟಿ, ಎರಡೂ ಕಡೆ ಟೊಮೆಟೊ ತೋಟಗಳು ಶುರುವಾಗಿ, ಮುಖಕ್ಕೆ ಗಾಳಿ ಹೊಡೆಯತೊಡಗಿದರೆ ತಾನಾಗಿ ಬರುತ್ತದೆ. ಮಗಳ ಹಾಸ್ಟೆಲು, ಅತ್ತೆಯವರ ಮಂಡಿನೋವು, ಒಲೆಯ ಒಂದು ಬರ್ನರ್ ಮಾತ್ರ ಹಳದಿಗೆ ಉರಿಯುವುದು, ಹೀಗೆ ಮನೆಯೊಳಗೆ ಹೇಳಲು ಪುರಸೊತ್ತಿಲ್ಲದ, ಪುರಸೊತ್ತಿದ್ದರೂ ಧೈರ್ಯ ಸಾಲದ ಸಂಗತಿಗಳೆಲ್ಲ ಮುಳಬಾಗಿಲ ರಸ್ತೆಯಲ್ಲೇ ಇತ್ಯರ್ಥವಾಗಿವೆ. ನಾನು ಹೇಳುತ್ತಿದ್ದೆ, ಅವರು ಹೆಲ್ಮೆಟ್ಟಿನೊಳಗಿಂದ "ಹೂಂ" ಅನ್ನುತ್ತಿದ್ದರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಶಾಲೆಯ ಪಕ್ಕದ ಚರ್ಚಿನಲ್ಲಿ ಪಾಪನಿವೇದನೆಯ ಒಂದು ಮರದ ಗೂಡಿತ್ತು. ನಮ್ಮಂಥವರಿಗೆ ಅದರೊಳಗೆ ಪ್ರವೇಶವಿಲ್ಲ. ಒಳಗೇನಿರುತ್ತದೆ ಎಂದು ಗೆಳತಿ ಸ್ಟೆಲ್ಲಾಳನ್ನು ಪೀಡಿಸಿದ್ದೆ. "ಏನೂ ಇರಲ್ಲ ಕಣೇ. ಜಾಲರಿ ಆಚೆ ಫಾದರದ್ದು ಬರೀ ಕಿವಿ ಇರತ್ತೆ," ಅಂದಿದ್ದಳು. ಅಸೂಯೆಯಾಗಿತ್ತು. ಮುಖವಿಲ್ಲದ ಬರೀ ಕಿವಿ ಸಿಗುವುದಾದರೆ ನಾನೂ ಎಷ್ಟೋ ಪಾಪಗಳನ್ನು ಮಾಡಬಹುದಿತ್ತು. ಮದುವೆಯಾದ ಮೇಲೆ ಬೈಕಿನ ಹಿಂದಿನ ಸೀಟು ಸಿಕ್ಕಿತು. ಸೀರೆ ಉಟ್ಟವರು ಎಡಕ್ಕೆ ಕಾಲು ಇಳಿಬಿಟ್ಟು ಕೂರಬೇಕು. ಸೀರೆ ಗಾರ್ಡೂ ಕಾಲಿಡುವ ಪಟ್ಟಿಯೂ ಅದೇ ಕಡೆ. ಹಾಗೆ ಕೂತು ಸ್ವಲ್ಪ ಮುಂದೆ ಬಾಗಿದರೆ ನನ್ನ ಬಾಯಿ ನೇರವಾಗಿ ಅವರ ಎಡಗಿವಿಯ ಹತ್ತಿರ ಬರುತ್ತದೆ. ಇದಕ್ಕಿಂತ ಒಳ್ಳೆಯ ಗೂಡು ಇನ್ನೇನು ಬೇಕು?

ಈ ಕಿವಿಯ ಪುರಾಣ ಈಗೇಕೆಂದರೆ, ಮೊನ್ನೆ ಮೊನ್ನೆ ಐವತ್ತೊಂದು ತುಂಬಿದ ನಮ್ಮ ಯಜಮಾನರು ತಿಂಡಿ ತಿನ್ನುತ್ತಾ, "ಗಾಡಿಗೆ ಒಂದು ಆಡಿಯೋ ಸೆಟ್ ಹಾಕಿಸ್ಬೇಕು ಕಣೇ ಶೋಭಾ," ಅಂದರು.

"ಈ ವಯಸ್ಸಲ್ಲಾ? ಕಾಲೇಜಿನ ಮುಂದೆ ಸುತ್ತು ಹೊಡೀತೀರಾ?"

"ಇರೋವಷ್ಟು ದಿನ ಹಾಡು ಕೇಳ್ಬೇಕು," ಅಂದರು. ನಾನು ಇಡ್ಲಿ ಬಡಿಸುವುದನ್ನು ನಿಲ್ಲಿಸಿದೆ. ಅದಕ್ಕೆ ಹದಿನೈದು ದಿನ ಮೊದಲಷ್ಟೇ ನಾವು ಕಿವಿಯ ಡಾಕ್ಟರ ಹತ್ತಿರ ಹೋಗಿ ಬಂದಿದ್ದೆವು.

ಅವರು ಕೆಲಸ ಮಾಡುವುದು ವೇಮಗಲ್‌ನ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ಸಿನ ಮುಂದೆ. ಇಪ್ಪತ್ತೈದು ವರ್ಷದಿಂದ ಆ ಪ್ರೆಸ್ಸು ಅವರ ಪಕ್ಕದಲ್ಲಿ ನಿಂತು ಒಂದೇ ಮಾತನ್ನು ಹೇಳುತ್ತಿದೆ. ಕಿವಿ ಪರೀಕ್ಷೆ ಮಾಡುವಾಗ ಅವರನ್ನು ಗಾಜಿನ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದರೆ ಬೆರಳೆತ್ತಬೇಕೆಂದರು. ಬಲಗಿವಿಯ ಸರದಿಯಲ್ಲಿ ಬೆರಳು ಆಗಾಗ ಎದ್ದಿತು. ಎಡಗಿವಿಯ ಸರದಿಯಲ್ಲಿ ಕೈ ಮಂಡಿಯ ಮೇಲೇ ಇತ್ತು. ಗಾಜಿನಾಚೆಯಿಂದ ಅವರು ಒಂದೇ ಒಂದು ಸಲ ನನ್ನ ಕಡೆ ನೋಡಿದರು, ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವರ ಹಾಗೆ.

"ಎಡಗಿವಿ ಹೋಗಿ ಹದಿನೈದು ವರ್ಷವಾದ್ರೂ ಆಗಿರ್ಬೇಕು," ಎಂದರು ಡಾಕ್ಟರು. "ಬಲಗಡೇದೂ ಹೋಗ್ತಾ ಇದೆ. ಮೆಷಿನ್ ಕೊಡ್ತೀನಿ, ಸ್ವಲ್ಪ ದಿನ ಸಹಾಯ ಆಗತ್ತೆ. ಮನೇಲಿ ನಿಮಗೆ ಗೊತ್ತಾಗ್ಲಿಲ್ವಾ ಮೇಡಂ?"

ಹೊರಗೆ ಬಂದು ಕೇಳಿದೆ, "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಫ್ಯಾಕ್ಟರೀಲಿ ಎಲ್ರದೂ ಹಿಂಗೇ. ಅದನ್ನೇನ್ ಹೇಳೋದು."

"ಮತ್ತೆ ಗಾಡೀಲಿ ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಿದ್ರಲ್ಲ?"

"ಗಾಳೀಲಿ ಬಲಗಿವೀಗೂ ಏನೂ ಕೇಳಿಸ್ತಿರ್ಲಿಲ್ಲ. ನೀನ್ ಮಾತಾಡ್ತಾ ಇದೀಯ ಅಂತ ಮಾತ್ರ ತಿಳೀತಿತ್ತು ಕಣೇ. ಬೆನ್ನಿಗೆ ತಾಗ್ತಿತ್ತು."

ಇದನ್ನು ಕೇಳಿ ನಗಬೇಕಿತ್ತು. ಹಾಸ್ಟೆಲಿಗೆ ಒಪ್ಪಿಗೆ ಕೊಟ್ಟದ್ದು ಅವರ ಬೆನ್ನು, ಒಲೆ ರಿಪೇರಿಗೆ ಒಪ್ಪಿದ್ದೂ ಬೆನ್ನು. ಆದರೆ ನಗು ಬರಲಿಲ್ಲ. ಹದಿಮೂರು ವರ್ಷದ ಹಿಂದೆ ಆ ಕಿವಿಗೆ ನಾನು ಹೇಳಿದ್ದ ಇನ್ನೊಂದು ಮಾತು ನೆನಪಾಯಿತು.

ಅದಕ್ಕೂ ಒಂದು ವರ್ಷ ಮೊದಲು ನಾನು ಎರಡನೇ ಸಲ ಬಸಿರಾಗಿದ್ದೆ. ಏಳು ತಿಂಗಳು. ನನ್ನ ತಮ್ಮ ನಂಗಲಿಯಲ್ಲಿ ಮನೆ ಕಟ್ಟಿಸಿ ಒಂದು ಭಾನುವಾರ ಗೃಹಪ್ರವೇಶ ಇಟ್ಟುಕೊಂಡಿದ್ದ. ಬೈಕಿನಲ್ಲೇ ಹೋದೆವು. ಹೆದ್ದಾರಿಯಿಂದ ಊರೊಳಕ್ಕೆ ತಿರುಗುವಲ್ಲಿ ಹೊಸದಾಗಿ ಒಂದು ಹಂಪ್ ಹಾಕಿದ್ದರು, ಅದಕ್ಕಿನ್ನೂ ಬಿಳಿ ಪಟ್ಟಿ ಬಳಿದಿರಲಿಲ್ಲ. ಲಾರಿಯೊಂದಕ್ಕೆ ದಾರಿ ಬಿಡುವ ಗಡಿಬಿಡಿಯಲ್ಲಿ ಇವರು ಅದನ್ನು ನೋಡಲಿಲ್ಲ. ಗಾಡಿ ಎಗರಿತು. ಮಧ್ಯಾಹ್ನ ಎಲೆಯ ಮುಂದೆ ಕೂತಾಗ ನನಗೆ ನೋವು ಬಂತು. ಸಂಜೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗಂಡುಮಗು. ಅಳಲಿಲ್ಲ.

ಇವರು ಔಷಧಿ ತರಲು ಹೋಗಿದ್ದಾಗ ಡಾಕ್ಟರಮ್ಮ ನನಗೊಬ್ಬಳಿಗೇ ಹೇಳಿದರು: "ಇದು ಇವತ್ತು ಆಗಿದ್ದಲ್ಲಮ್ಮ. ಕರುಳಬಳ್ಳಿ ಸುತ್ತಿಕೊಂಡು ನಿನ್ನೇನೇ ಹೋಗಿದೆ. ಅಲ್ಲಾಡೋದು ನಿಂತಿದ್ದು ನಿಮಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿತ್ತು. ಶನಿವಾರ ಮಧ್ಯಾಹ್ನ ಹೊಸ ರವಿಕೆಗೆ ಹುಕ್ಕು ಹೊಲಿಯುತ್ತಾ ಕೂತಿದ್ದಾಗ, ದಿನಾ ಒದೆಯುವ ಹೊತ್ತಿಗೆ ಮಗು ಒದೆಯಲಿಲ್ಲ. ರಾತ್ರಿಯೂ ಇಲ್ಲ. ಬಾಯಿ ಬಿಟ್ಟರೆ ನಾಳೆ ತವರಿಗೆ ಹೋಗಲು ಬಿಡುವುದಿಲ್ಲ ಎಂದು ಸುಮ್ಮನಿದ್ದೆ. ಮಲಗಿರಬಹುದು ಎಂದುಕೊಂಡು ಹುಕ್ಕು ಹಾಕಿ ಮುಗಿಸಿದೆ.

ಮನೆಯಲ್ಲಿ ಅತ್ತೆ ಎಲ್ಲರ ಹತ್ತಿರವೂ "ಹಂಪ್‌ನಾಗೆ ಎಗರಿಸ್ಬಿಟ್ಟ" ಎಂದು ಮಗನನ್ನು ದೂರುತ್ತಿದ್ದರು. ಇವರು ತಲೆ ತಗ್ಗಿಸಿ ಕೂರುತ್ತಿದ್ದರು. ನಾನು ಒಂದು ವರ್ಷ ಅದನ್ನು ನೋಡುತ್ತಾ ಸುಮ್ಮನಿದ್ದೆ. ಕೊನೆಗೊಂದು ದಿನ ಮುಳಬಾಗಿಲು ದಾಟಿದ ಮೇಲೆ ಎಡಗಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದೆ. ಶನಿವಾರ, ಹುಕ್ಕು, ಡಾಕ್ಟರಮ್ಮ. ಅವರು "ಹೂಂ" ಅಂದರು. ನನ್ನನ್ನು ಕ್ಷಮಿಸಿದರು ಎಂದುಕೊಂಡೆ. ಎಷ್ಟು ದೊಡ್ಡ ಮನಸ್ಸು, ಮತ್ತೆಂದೂ ಆ ವಿಷಯವೇ ಎತ್ತಲಿಲ್ಲ ಎಂದುಕೊಂಡೆ. ಹದಿಮೂರು ವರ್ಷ ಆ ಒಂದು ಹೂಂಕಾರವನ್ನು ನಂಬಿ ಬದುಕಿದೆ.

ನಮ್ಮ ಕನ್ನಡದಲ್ಲಿ 'ಕೇಳು' ಎಂಬ ಒಂದೇ ಪದಕ್ಕೆ ಎರಡು ಕೆಲಸ. ಆಲಿಸುವುದೂ ಕೇಳುವುದೇ, ಪ್ರಶ್ನೆ ಹಾಕುವುದೂ ಕೇಳುವುದೇ. ಶಾಲೆಯಲ್ಲಿ ಇಂಗ್ಲಿಷಿಗೆ ತರ್ಜುಮೆ ಮಾಡುವಾಗ ಇದರಿಂದ ಬಹಳ ಸಲ ಏಟು ತಿಂದಿದ್ದೇನೆ. ಈಗ ಅನಿಸುತ್ತದೆ, ಈ ಪದ ಮಾಡಿದವರಿಗೆ ನಮ್ಮ ಸಂಸಾರ ಗೊತ್ತಿದ್ದಿರಬೇಕು. ಇವರು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳದೆ ಹೋದರೂ ಕಾಣಬಹುದಿತ್ತು. ಆ ಗೃಹಪ್ರವೇಶದ ದಿನದಿಂದ ಇವರು ಯಾವ ಹಂಪ್ ಬಂದರೂ ಗಾಡಿಯನ್ನು ಹೆಚ್ಚುಕಡಿಮೆ ನಿಲ್ಲಿಸಿಯೇಬಿಡುತ್ತಾರೆ. "ಹಂಪ್ ಐತೆ, ಹಿಡ್ಕೋ," ಅನ್ನುತ್ತಾರೆ. ಆಮೇಲೆ ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸುತ್ತಾರೆ. "ಏಂ ಬಾವ, ಮೊಟ್ಟೆ ಸಾಗಿಸ್ತಾ ಇದೀರಾ?" ಎಂದು ನನ್ನ ತಮ್ಮ ರೇಗಿಸುತ್ತಾನೆ. ಗಾಡಿಯ ಸ್ಪ್ರಿಂಗ್ ಉಳಿಸುವ ಜಿಪುಣತನ ಎಂದು ನಾನೂ ಜೊತೆಗೆ ನಕ್ಕಿದ್ದೇನೆ. ಹದಿಮೂರು ವರ್ಷ ನಕ್ಕಿದ್ದೇನೆ.

ಮನೆಯಲ್ಲೇ ಕೂರಿಸಿಕೊಂಡು ಹೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಕಿವಿಯ ಮೆಷಿನ್ ಹಾಕಿದ್ದರೂ ಅವರಿಗೆ ಸ್ವಲ್ಪ ಜೋರಾಗಿಯೇ ಹೇಳಬೇಕು. ನಾನು ಜೋರು ಮಾಡಿದರೆ ಪಕ್ಕದ ಕೋಣೆಯಿಂದ ಅತ್ತೆ "ಏನಾಯ್ತು?" ಅನ್ನುತ್ತಾರೆ. ಅದು ಕೂಗಿ ಹೇಳುವ ಮಾತಲ್ಲ. ಮುಖ ನೋಡಿ ಹೇಳುವ ಧೈರ್ಯವಂತೂ ನನಗೆ ಮೊದಲಿಂದಲೂ ಇಲ್ಲ. ಹೇಳಿದರೆ ಗಾಡಿಯಲ್ಲೇ ಹೇಳಬೇಕು. ಗಾಡಿಯಲ್ಲಿ ಮೆಷಿನ್ ನಡೆಯುವುದಿಲ್ಲ, ಹೆಲ್ಮೆಟ್ಟಿನೊಳಗೆ ಕುಯ್ಯೆಂದು ಸಿಳ್ಳೆ ಹಾಕುತ್ತದೆ.

ಆಡಿಯೋ ಸೆಟ್ಟಿನ ಮಾತಿಗೆ ನಾನು ಬೇಗ ಒಪ್ಪಿದ್ದು ಇದಕ್ಕೇ, ಹಾಡು ಮುಟ್ಟುವ ಕಡೆ ನನ್ನ ಮಾತೂ ಮುಟ್ಟೀತು ಎಂದು. ನಮ್ಮ ಬಜೆಟ್ಟು ಎಂದರೆ ಹೊಸ ಮಿಕ್ಸಿಗೆಂದು ನಾನು ಎತ್ತಿಟ್ಟಿದ್ದ ಹಣ, ಅಷ್ಟೇ. ಅದನ್ನು ಹಿಡಿದುಕೊಂಡು ಸತ್ತಾರ್ ಭಾಯಿಯ ಬೈಕ್ ಸಾಮಾನಿನ ಅಂಗಡಿಗೆ ಹೋದೆವು. ಅವರು ನಮ್ಮಷ್ಟೇ ವಯಸ್ಸಿನವರು, ಸದ್ದಿನ ವ್ಯಾಪಾರ ಮಾಡಿಯೂ ಮೆತ್ತಗೆ ಮಾತಾಡುವವರು. ಹ್ಯಾಂಡಲ್ಲಿಗೆ ಕಟ್ಟುವ ಜೋಡಿ ಸ್ಪೀಕರ್ ತೆಗೆದಿಟ್ಟರು. ಹಾಕಿದೊಡನೆ ನೀಲಿ ದೀಪ ಕುಣಿದು, ಗಾಜಿನ ಕಪಾಟು ನಡುಗಿತು.

"ಬೇಸ್ ನೋಡಿ ಸಾರ್, ಎದೆಗೇ ಹೊಡೀತದೆ."

"ಎದೆ ಬೇಡ ಭಾಯಿ, ಕಿವಿಗೆ ಹೊಡೆಯೋದು ಕೊಡಿ," ಎಂದು ಇವರು ಬಲಗಿವಿಯನ್ನು ಸ್ಪೀಕರಿಗೆ ಒಡ್ಡಿ ನಿಂತರು, ಅಂಚೆ ಡಬ್ಬದಲ್ಲಿ ಕಾಗದ ಬಿತ್ತೋ ಇಲ್ಲವೋ ಎಂದು ಇಣುಕುವವರ ಹಾಗೆ. ನನಗೆ ಡಾಕ್ಟರ ಮಾತು ನೆನಪಾಯಿತು. ಜೋರು ಸದ್ದು ಕೂಡದು, ಉಳಿದದ್ದೂ ಬೇಗ ಹೋಗುತ್ತದೆ. ಅವರ ಕಿವಿಯದೂ ಒಂದು ಬಜೆಟ್ಟೇ.

ಹೆಲ್ಮೆಟ್ಟಿನೊಳಗೆ ಕೂರಿಸುವ ಸಣ್ಣ ಸ್ಪೀಕರ್ ಇದೆಯೇ ಎಂದು ನಾನೇ ಕೇಳಿದೆ. ಇತ್ತು. ಬ್ಲೂಟೂತಿನದು, ಹಾಡೂ ಬರುತ್ತದೆ, ಫೋನೂ ಬರುತ್ತದೆ.

"ಅದ್ರಲ್ಲಿ ಹಾಡು ನಿಂಗೆ ಕೇಳಿಸಲ್ವಲ್ಲೇ," ಅಂದರು ಇವರು.

ಹ್ಯಾಂಡಲ್ಲಿನ ಸ್ಪೀಕರೇ ಅವರಿಗೆ ಯಾಕೆ ಬೇಕಿತ್ತೆಂದು ಆಗ ತಿಳಿಯಿತು. ನಾನು ಕಪಾಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದೆ.

"ಹಿಂದೆ ಮುಂದೆ ಕೂತೋರು ಮಾತಾಡ್ಕೊಳ್ಳೋಕೂ ಬರತ್ತಾ?" ಎಂದು ಕೇಳಿದೆ. ಅದಕ್ಕೆ ಬೇರೆ ಜೋಡಿ ಸೆಟ್ಟು ಬರುತ್ತದಂತೆ. ಬೆಲೆ ಕೇಳಿದರೆ ಮಿಕ್ಸಿಯ ಜೊತೆ ಫ್ರಿಜ್ಜನ್ನೂ ಬಿಟ್ಟುಕೊಡಬೇಕಿತ್ತು. ಸತ್ತಾರ್ ಭಾಯಿ ನನ್ನ ಮುಖ ನೋಡಿ ದನಿ ಇಳಿಸಿದರು. "ಅಕ್ಕ, ಅಷ್ಟೆಲ್ಲ ಯಾಕೆ? ಸಾರ್‌ಗೆ ಇದೊಂದೇ ಸಾಕು. ನೀವು ಹಿಂದ್ಗಡೆ ಕೂತ್ಕೊಂಡು ಸಾರ್‌ಗೆ ಫೋನ್ ಮಾಡಿ. ನಿಮಗೆ ಫೋನಿನ ಹಳೇ ಇಯರ್‌ಫೋನೇ ನಡೀತದೆ." ಎಡಗಿವಿಯ ವಿಷಯ ತಿಳಿದ ಮೇಲೆ, ಎರಡೂ ಸ್ಪೀಕರುಗಳನ್ನು ಹೆಲ್ಮೆಟ್ಟಿನ ಬಲಕ್ಕೇ ಅಂಟಿಸಿಕೊಟ್ಟರು.

ಮುಂದಿನ ಭಾನುವಾರ ನಂಗಲಿಗೆ ಹೊರಟೆವು. ಕೋಲಾರ ದಾಟಿದ ಮೇಲೆ ನಾನು ಫೋನ್ ಮಾಡಿದೆ.

"ಹಲೋ, ಯಾರು?"

"ನಾನೇ ರೀ, ಹಿಂದಿರೋಳು."

"ಏನ್ ವಿಷ್ಯ?"

ಏನು ಹೇಳಲಿ? ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಮಾತು ಕೇಳಿಸುತ್ತಿತ್ತು, ನನಗೆ ಮಾತೇ ಇರಲಿಲ್ಲ. ಟೊಮೆಟೊ ಲಾರಿ ಹೋಯಿತು ಅಂದೆ. ಹೂಂ ಅಂದರು. ಮೋಡ ಆಗಿದೆ ಅಂದೆ. ಹೂಂ ಅಂದರು. ಈಗಿನ ಹೂಂ ಬೇರೆ ಥರ ಇತ್ತು, ಮಾತು ಮುಗಿದ ಮೇಲೆ ಬರುತ್ತಿತ್ತು. ಹಳೆಯದು ಎಷ್ಟೋ ಸಲ ನಡುವೆಯೇ ಬಂದುಬಿಡುತ್ತಿತ್ತು. ಅದನ್ನೂ ನಾನು ಗಮನಿಸಿರಲಿಲ್ಲ.

ಮುಳಬಾಗಿಲು ಹಿಂದಾಯಿತು. ನಂಗಲಿಯ ತಿರುವು ಬಂತು. ಅದೇ ಹಂಪ್, ಈಗ ಬಿಳಿ ಪಟ್ಟಿ ಬಳಿದಿದ್ದಾರೆ. ಗಾಡಿ ನಿಧಾನವಾಯಿತು. "ಹಂಪ್ ಐತೆ, ಹಿಡ್ಕೋ."

"ರೀ, ಅದು ನೀವು ಎಗರಿಸಿದ್ದರಿಂದ ಆಗಿದ್ದಲ್ಲ," ಅಂದೆ. "ಶನಿವಾರಾನೇ ಮಗು ಅಲ್ಲಾಡೋದು ನಿಂತಿತ್ತು. ನಂಗೆ ಗೊತ್ತಿತ್ತು. ತವರಿಗೆ ಹೋಗೋ ಆಸೆಗೆ ಹೇಳ್ಲಿಲ್ಲ. ಡಾಕ್ಟರಮ್ಮಾನೂ ಅದನ್ನೇ ಹೇಳಿದ್ರು."

ಅವರು ಹಂಪ್ ದಾಟಿಸಲಿಲ್ಲ. ಗಾಡಿಯನ್ನು ಪಕ್ಕಕ್ಕೆ ತಂದು ಎಂಜಿನ್ ಆರಿಸಿದರು. ಹಿಂದಕ್ಕೆ ತಿರುಗಲಿಲ್ಲ. ಬಲಗೈ ಹೆಬ್ಬೆರಳು ಪೆಟ್ರೋಲ್ ಟ್ಯಾಂಕಿನ ಮೇಲೆ ಬಣ್ಣ ಹೋದ ಒಂದು ಜಾಗವನ್ನು ಸವರುತ್ತಿತ್ತು.

"ಇನ್ನೊಂದ್ಸಲ ಹೇಳು," ಅಂದರು.

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ."

ಇನ್ನೊಂದು ಸಲ ಹೇಳಿದೆ. ನನ್ನ ದನಿ ಗಾಳಿಯಲ್ಲೂ, ಒಂದು ಚಣ ತಡವಾಗಿ ಅವರ ಹೆಲ್ಮೆಟ್ಟಿನಲ್ಲೂ ಕೇಳಿತು. ಎರಡು ಸಲ ಹೇಳಿದ್ದು ನಾಲ್ಕು ಸಲ ಹೇಳಿದಂತಾಯಿತು.

"ಶನಿವಾರಾನೇನಾ?"

"ಶನಿವಾರಾನೇ."

ಅವರು ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ನನಗೆ ಕಂಡದ್ದು ಬೆನ್ನು ಮಾತ್ರ. ಅದರ ಮೇಲೆ ಕೈಯಿಟ್ಟೆ. ಒಳಗೆ ಏನೋ ನಡುಗುತ್ತಿದ್ದುದು ಅಂಗೈಗೆ ತಾಗಿತು. ಬೆನ್ನಿಗೂ ಮಾತು ಬರುತ್ತದೆಂದು ನನಗೆ ಆವತ್ತು ಗೊತ್ತಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಈ ಸಲ ಬೇಕೆಂದೇ.

ಆಮೇಲೆ ಹೆಲ್ಮೆಟ್ ಹಾಕಿಕೊಂಡು ಗಾಡಿ ಎಬ್ಬಿಸಿದರು. ಫೋನು ಇನ್ನೂ ಹಾಗೇ ನಡೆಯುತ್ತಿತ್ತು. ಇನ್ನು ಎಲ್ಲರ ಹಾಗೆ ದಾಟಿಸುತ್ತಾರೆ ಎಂದುಕೊಂಡೆ. ಹಂಪ್ ಹತ್ತಿರ ಬಂತು. ಗಾಡಿ ಹೆಚ್ಚುಕಡಿಮೆ ನಿಂತಿತು. ನನ್ನ ಕಿವಿಯೊಳಗೇ ಅವರ ದನಿ ಕೇಳಿತು.

"ಹಂಪ್ ಐತೆ, ಹಿಡ್ಕೋ."

ನಾನು "ಹೂಂ" ಅಂದೆ.