ಪರದೆಯ ಮೇಲಿನ ತಪ್ಪು ಲೆಕ್ಕ

ನಮ್ಮಣ್ಣ ಕಲ್ಯಾಣಿಯ ಶಾಲೆಯಲ್ಲಿ ಗಣಿತದ ಮಾಸ್ತರ. ಈಗಿನ ಬಸವಕಲ್ಯಾಣವನ್ನು ಆಗ ನಾವು ಕಲ್ಯಾಣಿ ಅನ್ನುತ್ತಿದ್ದೆವು. ಮೂವತ್ತು ದಾಟುವಷ್ಟರಲ್ಲಿ ಅವನ ಬೆರಳುಗಳಿಂದ ಸೀಮೆಸುಣ್ಣ ಜಾರತೊಡಗಿತು. ಎರಡು ವರ್ಷಗಳಲ್ಲಿ ಕಾಲುಗಳೂ ಸೋತವು. ಮೈ ದಿನದಿನಕ್ಕೂ ಸೊರಗುವ ಈ ರೋಗಕ್ಕೆ ಮದ್ದಿಲ್ಲವೆಂದು ಹೈದರಾಬಾದಿನ ಡಾಕ್ಟರು ಹೇಳಿ ಕಳಿಸಿದರು. ಅಣ್ಣ ನೌಕರಿ ಬಿಟ್ಟು ಮನೆಯಲ್ಲಿ ಕುಳಿತ. ತಲೆ ಮಾತ್ರ ಮೊದಲಿನಷ್ಟೇ ಚುರುಕು. ನಾನು ರೊಟ್ಟಿ ಬಡಿಯುವಾಗಲೂ ಲೆಕ್ಕ ಕೇಳಿ ಹಿಟ್ಟಿನಲ್ಲೇ ಅಂಕಿ ಬರೆಸುತ್ತಿದ್ದ. ಶಾಲೆಯ ಮೆಟ್ಟಿಲು ಹತ್ತದ ನಾನು ಗುಣಾಕಾರ ಕಲಿತದ್ದು ಹಾಗೆ.

ಹುಮನಾಬಾದಿಗೆ ಸಿನಿಮಾ ತೋರಿಸುವ ಟಾಕಿ ಬಂದಿದೆ, ಅದರಲ್ಲಿ ಕೈಕಾಲು ಸೋತ ವಿಜ್ಞಾನಿಯ ಕಥೆ ಇದೆ ಎಂಬ ಸುದ್ದಿ ತಂದವರು ಪಕ್ಕದ ಮನೆಯ ಚಾಚಾ. ಅವ್ವ ಬೇಡವೆಂದಳು. ಅಣ್ಣ ನಕ್ಕ. “ನನ್ನ ಜೋಡಿದಾರ ಒಬ್ಬ ಸಿಕ್ಕಾನವ್ವಾ, ನೋಡಿ ಬರ್ತೀನಿ.”

ಚಾಚಾ ತಮ್ಮ ಗಾಡಿಯಲ್ಲಿ ಹುಲ್ಲಿನ ಮೆತ್ತೆ ಹಾಸಿ ನಮ್ಮಿಬ್ಬರನ್ನೂ ಕರೆದೊಯ್ದರು. ನೆಂಟರ ಮನೆಯಲ್ಲಿ ಇಳಿದು ಮರುದಿನ ಮಧ್ಯಾಹ್ನ ಆಟಕ್ಕೆ ಹೋದೆವು. ಆಟ ನಡೆಯುವ ಹತ್ತಿಯ ಗೋದಾಮಿನ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿದ್ದರು.

ಪರದೆಯ ಮೇಲೆ ವಿಜ್ಞಾನಿ ನಡುಗುವ ಕೈಯಿಂದ ಅಂಕಿ ಬರೆಯುತ್ತಿದ್ದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಅಣ್ಣ ಕೂಗಿದ: “ತಪ್ಪು! ತಪ್ಪು ಮಾಡ್ಯಾನ!”

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ರೀಲು ಬದಲಿಸಲು ಆಟ ನಿಲ್ಲಿಸಿ ಬಾಗಿಲು ತೆರೆದದ್ದೇ ತಡ, ಟಾಕಿಯ ಮಾಲೀಕ ಬಂದ.

“ಗದ್ದಲ ಯಾಕ ಮಾಡಾಕತ್ತೀರಿ?”

“ಹದಿನೇಳು ಹತ್ತೊಂಬತ್ಲೆ ಮುನ್ನೂರ ನಲವತ್ಮೂರು ಅಂತ ಬರದಾನ್ರಿ. ಅಷ್ಟು ದೊಡ್ಡ ಶಾಣ್ಯಾ!”

“ಖರೇ ಎಷ್ಟಾಗ್ತದ್ರಿ ಮಾಸ್ತರ?” ಎಂದರು ಚಾಚಾ.

ಅಣ್ಣ ನನ್ನ ಕಡೆ ತಿರುಗಿದ. “ನೀ ಹೋಗಿ ಗ್ವಾಡಿ ಮ್ಯಾಲ ಮಾಡಿ ತೋರ್ಸು.”

ಮಾಲೀಕನೇ ಇದ್ದಿಲು ಕೊಟ್ಟ. ಅಷ್ಟು ಜನರ ಮುಂದೆ ನಿಂತು ಗೋಡೆಯ ಮೇಲೆ ನಿಧಾನವಾಗಿ ಬರೆದೆ: ಮುನ್ನೂರ ಇಪ್ಪತ್ತಮೂರು. ಹತ್ತಿ ವ್ಯಾಪಾರಿಯೊಬ್ಬರು ಎದ್ದು, “ಬರೋಬ್ಬರಿ ಅದರಿ!” ಎಂದರು. ಗೋದಾಮೆಲ್ಲ ಚಪ್ಪಾಳೆ. ಮಾಲೀಕನೂ ನಕ್ಕ. “ಆತ್ರಿ ಮಾಸ್ತರ, ಇನ್ನ ನಡುವ ಒದರಬ್ಯಾಡ್ರಿ.”

ಕೊನೆಗೆ ವಿಜ್ಞಾನಿ ಕಣ್ಣು ಮುಚ್ಚಿದಾಗ ನಾನು ಬಿಕ್ಕಿ ಅತ್ತೆ. ಅಣ್ಣ ಅಳಲಿಲ್ಲ. ಊರಿಗೆ ಮರಳುವ ಗಾಡಿಯಲ್ಲಿ ಹೇಳಿದ: “ಅವ ಎಲ್ಲಾ ಒಬ್ಬನೇ ಮಾಡಾಕ ಹೋದ. ನನಗ ನೀ ಇದ್ದಿ. ನಾ ಹೇಳ್ತೀನಿ, ನೀ ಬರೀ. ಮನ್ಯಾಗ ಸಾಲಿ ಸುರು ಮಾಡೋಣು.”

ಮುಂದಿನ ವಾರ ನಮ್ಮ ಪಡಸಾಲೆಯಲ್ಲಿ ಪಾಠ ಶುರುವಾಯಿತು. ಮೊದಲ ದಿನ ನಾಲ್ವರು ಬಂದರು. ಚಾಚಾರ ಮಗಳೂ ಇದ್ದಳು. ಅಣ್ಣ ಇರುವವರೆಗೂ, ಏಳು ವರ್ಷ, ಅದು ನಡೆಯಿತು. ಕೊನೆಕೊನೆಗೆ ಅಣ್ಣನ ಮಾತು ತೊದಲಿದರೂ ತುಟಿ ನೋಡಿಯೇ ನಾನು ಬರೆಯುತ್ತಿದ್ದೆ. ನಮ್ಮ ಪಡಸಾಲೆಯಲ್ಲೇ ಕಲಿತ ಚಾಚಾರ ಮಗಳು ಶಾಲೆಯ ಪರೀಕ್ಷೆಗೆ ಕೂತು ಪಾಸಾದ ದಿನ ಅವ್ವ ಓಣಿಗೆಲ್ಲ ಹೋಳಿಗೆ ಹಂಚಿದಳು.